ಹೆಸರಿಲ್ಲದ ಮಗುವಿನ ಭಾವಚಿತ್ರ

‘ಭಾವಚಿತ್ರ’ ಎಂಬ ಶಬ್ದವನ್ನು ನಾವು ನಿತ್ಯವೂ ಬಳಸುತ್ತೇವೆ. ಶಾಲೆಯ ಅರ್ಜಿಗೆ, ಪಡಿತರ ಚೀಟಿಗೆ, ಶ್ರದ್ಧಾಂಜಲಿಯ ಪ್ರಕಟಣೆಗೆ, ಎಲ್ಲದಕ್ಕೂ ಭಾವಚಿತ್ರ ಬೇಕು. ಮುಖವನ್ನಷ್ಟೇ ತೋರುವ ಒಂದು ಕಾಗದಕ್ಕೆ ಮುಖಚಿತ್ರವೆನ್ನದೆ ಭಾವಚಿತ್ರವೆಂದು ಹೆಸರಿಟ್ಟಿರುವುದು ವಿಚಾರಯೋಗ್ಯವಾದ ಸಂಗತಿ. ಮುಖವು ಕಣ್ಣಿಗೆ ಕಾಣುತ್ತದೆ, ಭಾವವು ಕಾಣುತ್ತದೆಯೇ? ಕಾಣುವುದಾದರೆ ಅದು ಚಿತ್ರದಲ್ಲಿರುವವರ ಭಾವವೋ, ಚಿತ್ರ ತೆಗೆದವರ ಭಾವವೋ ಅಥವಾ ನೋಡುತ್ತಿರುವ ನಮ್ಮ ಭಾವವೋ? ಈ ಪ್ರಶ್ನೆಯನ್ನು ಒಂದು ಹಳೆಯ ಛಾಯಾಚಿತ್ರದ ನಿಮಿತ್ತವಾಗಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಪ್ರಸಂಗವು ಸಣ್ಣದು. ರಜೆಗೆಂದು ನೀಲಗುಂದದ ನಮ್ಮ ಹಳೆಯ ಮನೆಗೆ ಬಂದಿದ್ದ ಮೊಮ್ಮಗನು ನನ್ನ ಮೇಜಿನ ಮೇಲೆ ತೆರೆದಿದ್ದ ಪುಸ್ತಕವೊಂದನ್ನು ನೋಡುತ್ತ ನಿಂತಿದ್ದನು. ಅದರಲ್ಲಿದ್ದುದು ಧಾತು, ಈಶ್ವರ ಸಂವತ್ಸರಗಳ ಬರದ, ಅಂದರೆ 1876ರಿಂದ 1878ರವರೆಗಿನ ಮಹಾಕ್ಷಾಮದ ಛಾಯಾಚಿತ್ರ. ಎಲುಬುಗೂಡಾದ ಹಿರಿಯರ ಪಕ್ಕದಲ್ಲಿ ನೆಲದ ಮೇಲೆ ಒಂದು ಮಗು ಕುಳಿತಿದೆ. “ಅಜ್ಜಾ, ಈ ಹುಡುಗನ ಹೆಸರೇನು?” ಎಂದು ಮೊಮ್ಮಗನು ಕೇಳಿದನು. ಚಿತ್ರದ ಕೆಳಗಿನ ಸಾಲನ್ನು ಓದಿದೆ. ಅದರಲ್ಲಿ ಪ್ರಾಂತ್ಯದ ಹೆಸರಿತ್ತು, ಕ್ಷಾಮದ ವರ್ಷವಿತ್ತು, ಚಿತ್ರ ತೆಗೆದ ಅಧಿಕಾರಿಯ ಹೆಸರಿತ್ತು. ಮಗುವಿನ ಹೆಸರಿರಲಿಲ್ಲ.

ಅದೇ ಕೋಣೆಯ ಗೋಡೆಯ ಮೇಲೆ ಇನ್ನೊಂದು ಚಿತ್ರವಿದೆ. ಬಳ್ಳಾರಿಯ ಸ್ಟುಡಿಯೋ ಒಂದರಲ್ಲಿ ತೆಗೆಸಿದ ನನ್ನ ದೊಡ್ಡಪ್ಪನವರ ಬಾಲ್ಯದ ಚಿತ್ರ. ಜರಿಯ ಟೋಪಿ, ಕೈಯಲ್ಲಿ ಬೆಳ್ಳಿಯ ಕಡಗ, ಹಿಂದೆ ತೋಟದ ಚಿತ್ರ ಬರೆದ ಪರದೆ. ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದು ನಿಂತಿರುವ ಐದು ವರ್ಷದ ಬಾಲಕ. ಚೌಕಟ್ಟಿನ ಹಿಂಬದಿಯಲ್ಲಿ ಅವರ ಹೆಸರು, ಹುಟ್ಟಿದ ತಿಥಿ, ಚಿತ್ರ ತೆಗೆಸಿದ ದಿನ, ಎಲ್ಲವನ್ನೂ ನಮ್ಮ ಅಜ್ಜನವರು ಮಸಿಯಲ್ಲಿ ಬರೆದಿಟ್ಟಿದ್ದಾರೆ. ಒಂದೇ ಕೋಣೆಯಲ್ಲಿ ಇಬ್ಬರು ಮಕ್ಕಳು. ಒಬ್ಬನಿಗೆ ಹೆಸರುಂಟು, ಗಂಧದ ಹಾರವುಂಟು. ಇನ್ನೊಬ್ಬನಿಗೆ ಹಸಿವಿನ ಹೊರತು ಬೇರೆ ಗುರುತಿಲ್ಲ. ಮೊಮ್ಮಗನ ಪ್ರಶ್ನೆಯು ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಕ್ಷಾಮದ ಈ ಚಿತ್ರಗಳನ್ನು ತೆಗೆದವನು ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ವಿಲ್ಲೊಬಿ ವಾಲೇಸ್ ಹೂಪರ್ (1837-1912). ಛಾಯಾಗ್ರಹಣದಲ್ಲಿ ಅವನು ನುರಿತವನು. ಲಂಡನ್ನಿನಲ್ಲಿ 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾದ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಗ್ರಂಥಕ್ಕೂ ಅವನ ಚಿತ್ರಗಳು ಸಂದಿವೆ. ಆ ಗ್ರಂಥದ ಕ್ರಮವನ್ನು ಗಮನಿಸಬೇಕು. ಅದರಲ್ಲಿ ಮನುಷ್ಯರು ವ್ಯಕ್ತಿಗಳಾಗಿ ಬರುವುದು ವಿರಳ. ಬಹುಮಟ್ಟಿಗೆ ಒಂದೊಂದು ಜಾತಿಯ, ಒಂದೊಂದು ಬುಡಕಟ್ಟಿನ ಮಾದರಿಗಳಾಗಿ ಬರುತ್ತಾರೆ. ನಮ್ಮ ವ್ಯಾಪಾರದಲ್ಲಿ ಚೀಲದಿಂದ ಒಂದು ಹಿಡಿ ಕಾಳು ತೆಗೆದು ಗಿರಾಕಿಗೆ ತೋರಿಸುವುದುಂಟು. ಆ ಹಿಡಿಯ ಯಾವ ಕಾಳಿಗೂ ಸ್ವಂತ ಬೆಲೆಯಿಲ್ಲ. ಇಡೀ ಚೀಲವನ್ನು ನಂಬಿಸುವುದಷ್ಟೇ ಅದರ ಕೆಲಸ. ಕ್ಷಾಮದ ಚಿತ್ರಗಳಲ್ಲಿಯೂ ಹೂಪರನ ಕಣ್ಣು ಈ ಅಭ್ಯಾಸವನ್ನು ಬಿಟ್ಟಂತೆ ಕಾಣುವುದಿಲ್ಲ. ಜನರನ್ನು ಗುಂಪಾಗಿ ಕೂಡಿಸಿ ಪಕ್ಕೆಲುಬುಗಳು ಎಣಿಸಲು ಬರುವಂತೆ ಕ್ಯಾಮೆರಾದ ಎದುರಿಗೆ ಕುಳ್ಳಿರಿಸಲಾಗಿದೆ. ಜೋಡಣೆಯಲ್ಲಿ ಒಂದು ಅಚ್ಚುಕಟ್ಟುತನವಿದೆ. ಆ ಅಚ್ಚುಕಟ್ಟುತನವೇ ನೋಡುವವನನ್ನು ಮೊದಲು ಕಲಕುತ್ತದೆ.

ಆ ಮಗುವನ್ನು ಇನ್ನೂ ಸ್ವಲ್ಪ ಹೊತ್ತು ನೋಡೋಣ. ಅಂದಿನ ಛಾಯಾಗ್ರಹಣದಲ್ಲಿ ಗಾಜಿನ ಫಲಕಕ್ಕೆ ರಾಸಾಯನಿಕ ದ್ರವವನ್ನು ಬಳಿದು, ಅದು ಒಣಗುವುದಕ್ಕೆ ಮುಂಚೆಯೇ ಚಿತ್ರ ತೆಗೆಯಬೇಕಾಗಿತ್ತು. ಬೆಳಕು ಫಲಕದ ಮೇಲೆ ಅಚ್ಚೊತ್ತುವುದಕ್ಕೆ ಹಲವು ಕ್ಷಣಗಳು ಹಿಡಿಯುತ್ತಿದ್ದವು. ಅಷ್ಟು ಹೊತ್ತು ಅಲುಗದೆ ಇರುವುದು ದೊಡ್ಡವರಿಗೇ ಕಷ್ಟ. ಆದ್ದರಿಂದಲೇ ಸ್ಟುಡಿಯೋಗಳಲ್ಲಿ ತಲೆಯನ್ನು ಹಿಂದಿನಿಂದ ಹಿಡಿದಿಡುವ ಕಬ್ಬಿಣದ ಕವಲು ಇರುತ್ತಿತ್ತು. ಆ ಕಾಲದ ಚಿತ್ರಗಳಲ್ಲಿ ಆರೋಗ್ಯವಂತ ಮಕ್ಕಳ ಮುಖವು ಎಷ್ಟೋ ಸಲ ಮಸುಕಾಗಿರುವುದಕ್ಕೆ ಕಾರಣ ಇದೇ. ತಾಯಿಯ ಮುಖ ಸ್ಪಷ್ಟವಾಗಿರುತ್ತದೆ. ಮಡಿಲಲ್ಲಿರುವ ಕೂಸು ಅಲುಗಾಡಿ ಹೊಗೆಯಂತಾಗಿರುತ್ತದೆ. ಕ್ಷಾಮದ ಈ ಮಗುವಾದರೋ ಸ್ಪಷ್ಟವಾಗಿದೆ. ಕಣ್ಣು, ತುಟಿ, ಕಾಲಿನ ಎಲುಬು, ಒಂದೂ ಮಸುಕಾಗಿಲ್ಲ. ಅದನ್ನು ಹಿಡಿದಿಡಲು ಕಬ್ಬಿಣದ ಕವಲು ಬೇಕಾಗಲಿಲ್ಲ. ಅಲುಗಾಡುವ ಶಕ್ತಿಯೇ ಅದಕ್ಕೆ ಉಳಿದಿರಲಿಲ್ಲ. ಚಿತ್ರವನ್ನು ಮೆಚ್ಚುವವರು ಯಾವುದನ್ನು ತಂತ್ರದ ಸ್ಪಷ್ಟತೆ ಎನ್ನುತ್ತಾರೆಯೋ ಅದು ಇಲ್ಲಿ ಹಸಿವಿನ ಲಕ್ಷಣ. ಈ ಚಿತ್ರದಲ್ಲಿ ಕಲೆಯನ್ನು ದುಃಖದಿಂದ ಬೇರ್ಪಡಿಸಿ ಹೊಗಳುವುದು ಸಾಧ್ಯವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಡ.

ಇಂತಹ ಚಿತ್ರವನ್ನು ಓದುವುದಕ್ಕೆ ನಮ್ಮ ಆಗಮವು ಒಂದು ಸಾಧನವನ್ನು ಕೊಟ್ಟಿದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಮೊದಲನೆಯ ಅಧ್ಯಾಯದಲ್ಲಿಯೇ ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳನ್ನು ಹೇಳಿದ್ದಾರೆ. ಒಂದೇ ಶಬ್ದವು ನಾಲ್ಕು ಬಗೆಯಲ್ಲಿ ವಸ್ತುವನ್ನು ಮುಟ್ಟುತ್ತದೆ. ಗುಣವನ್ನು ಎಣಿಸದೆ ಕರೆಯುವುದಕ್ಕಾಗಿ ಇಟ್ಟ ಹೆಸರು ನಾಮ. ಮರದಲ್ಲಿ, ಚಿತ್ರದಲ್ಲಿ, ದಾಳದಲ್ಲಿ ‘ಇದು ಅದೇ’ ಎಂದು ಭಾವಿಸಿಕೊಳ್ಳುವುದು ಸ್ಥಾಪನಾ. ಹಿಂದೆ ಆಗಿದ್ದುದನ್ನು ಅಥವಾ ಮುಂದೆ ಆಗಲಿರುವುದನ್ನು ಮನಸ್ಸಿನಲ್ಲಿಟ್ಟು ಹೇಳುವುದು ದ್ರವ್ಯ. ಈಗ, ಈ ಕ್ಷಣದಲ್ಲಿ ಆ ಪರ್ಯಾಯದಲ್ಲಿಯೇ ಇರುವುದು ಭಾವ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇವುಗಳನ್ನು ವಿವರಿಸಿದ್ದಾರೆ. ನಾಲ್ಕನ್ನೂ ಬೇರೆ ಬೇರೆಯಾಗಿ ತಿಳಿಯದಿದ್ದರೆ ಅಪ್ರಸ್ತುತವು ಪ್ರಸ್ತುತದ ಸ್ಥಾನವನ್ನು ಆಕ್ರಮಿಸುತ್ತದೆ.

ಇದಕ್ಕೆ ಮೈಸೂರಿನ ಹತ್ತನೆಯ ಚಾಮರಾಜ ಒಡೆಯರ ಬಾಲ್ಯದ ಚಿತ್ರಗಳು ಒಳ್ಳೆಯ ಉದಾಹರಣೆ. ಅವರು 1863ರಲ್ಲಿ ಜನಿಸಿದರು. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ದತ್ತುಪುತ್ರರಾದರು. 1868ರಲ್ಲಿ ಐದು ವರ್ಷದವರಿರುವಾಗ ಪಟ್ಟಕ್ಕೆ ಬಂದರು. ರಾಜ್ಯಾಧಿಕಾರವು ಕೈಗೆ ಬಂದದ್ದು 1881ರಲ್ಲಿ. ಅವರ ಬಾಲ್ಯದ ಚಿತ್ರವನ್ನು ನೋಡುವಾಗ ನಾವು ಆಭರಣಗಳ ಭಾರವನ್ನು ಹೊತ್ತು ಕುಳಿತ ಚಿಕ್ಕ ಹುಡುಗನನ್ನು ಕಾಣುವುದಿಲ್ಲ. ಮುಂದೆ ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಲಿದ್ದ ಮಹಾರಾಜರನ್ನು ಕಾಣುತ್ತೇವೆ. ಇದು ದ್ರವ್ಯನಿಕ್ಷೇಪ. ರಾಜಕುಮಾರನನ್ನು ರಾಜನೆಂದು ಕರೆಯುವಂಥದು. ತಪ್ಪೇನೂ ಅಲ್ಲ; ಆದರೆ ಅದರಿಂದ ಆ ದಿನದ ಆ ಮಗುವಿನ ಭಾವವು ಮರೆಯಾಗುತ್ತದೆ. ನನ್ನ ದೊಡ್ಡಪ್ಪನವರ ಚಿತ್ರದಲ್ಲಿಯೂ ನಾವು ನೋಡುವುದು ಅವರ ಮುಂದಿನ ಗಂಭೀರ ಜೀವನವನ್ನು. ಕುರ್ಚಿಯನ್ನು ಬಿಗಿಯಾಗಿ ಹಿಡಿದ ಆ ಪುಟ್ಟ ಬೆರಳುಗಳ ಅಂಜಿಕೆಯನ್ನು ನಾನು ಕಂಡದ್ದು ಅರುವತ್ತು ವರ್ಷ ದಾಟಿದ ಮೇಲೆ, ಮೊಮ್ಮಗನ ಪ್ರಶ್ನೆಯ ನಂತರ.

ಕ್ಷಾಮದ ಮಗುವಿಗೆ ಈ ನಾಲ್ಕನ್ನೂ ಅನ್ವಯಿಸಿ ನೋಡಿದರೆ ಆಗುವುದೇನು? ನಾಮವು ದಾಖಲಾಗಿಲ್ಲ. ದ್ರವ್ಯವನ್ನು, ಎಂದರೆ ಅದರ ಮುಂದಿನ ಬಾಳನ್ನು, ಯಾರೂ ಕೇಳಲಿಲ್ಲ. ಸ್ಥಾಪನಾ ಮಾತ್ರ ಉಳಿಯಿತು. ಅದೂ ಆ ಮಗುವಿನ ಸ್ಥಾಪನೆಯಲ್ಲ, ‘ಕ್ಷಾಮ’ ಎಂಬುದರ ಸ್ಥಾಪನೆ. ಮಗುವಿನ ಆಕೃತಿಯಲ್ಲಿ ಬೇರೊಂದನ್ನು ಪ್ರತಿಷ್ಠಾಪಿಸಿ, ಮಗುವನ್ನು ಅದರ ಸ್ಥಾನದಿಂದ ಎಬ್ಬಿಸಿದಂತಾಯಿತು. ಈ ಚಿತ್ರದ ಮುಖ್ಯ ದೋಷವೆಂದು ನಾನು ಹೇಳುವುದು ಇದನ್ನೇ. ಕ್ರೂರ ದೃಶ್ಯವನ್ನು ತೋರಿಸಿದ್ದು ದೋಷವಲ್ಲ. ಒಂದು ಜೀವವನ್ನು ಮಾದರಿಯ ಕಾಳನ್ನಾಗಿ ಮಾಡಿದ್ದು ದೋಷ.

ಆದರೆ ಅನೇಕಾಂತವನ್ನು ಒಪ್ಪಿದವನು ಒಂದೇ ಮಗ್ಗುಲನ್ನು ಹೇಳಿ ನಿಲ್ಲಿಸಬಾರದು. ಛಾಯಾಚಿತ್ರವನ್ನು ನೇರವಾಗಿ ಅಚ್ಚುಮಾಡುವ ವಿಧಾನ ಅಂದಿನ ಪತ್ರಿಕೆಗಳಲ್ಲಿ ಇನ್ನೂ ಬಂದಿರಲಿಲ್ಲ. ಚಿತ್ರಗಳನ್ನು ಮರದ ಅಚ್ಚುಗಳಲ್ಲಿ ಕೆತ್ತಿ ಮುದ್ರಿಸುತ್ತಿದ್ದರು. ಲಂಡನ್ನಿನ ‘ದಿ ಗ್ರಾಫಿಕ್’ ಪತ್ರಿಕೆಯ 1877ರ ಅಕ್ಟೋಬರ್ ತಿಂಗಳ ಸಂಚಿಕೆಯಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯ ಬರದ ಕೆತ್ತನೆಯೊಂದು ಪ್ರಕಟವಾಯಿತು. ಮನುಷ್ಯರೊಡನೆ ದನಕರುಗಳೂ ಪಟ್ಟ ಪಾಡು ಅದರಲ್ಲಿದೆ. ಇಂತಹ ಚಿತ್ರಗಳು, ವರದಿಗಳು ಇಂಗ್ಲೆಂಡಿನ ಜನರ ಮನಸ್ಸನ್ನು ತಟ್ಟಿದವು. ಲಂಡನ್ನಿನ ಮೇಯರರ ಮ್ಯಾನ್ಷನ್ ಹೌಸ್ ನಿಧಿಗೆ ಐದು ಲಕ್ಷ ಪೌಂಡುಗಳಿಗಿಂತ ಹೆಚ್ಚು ಹಣ ಕೂಡಿತು. ಮದರಾಸಿನ ಪರಿಹಾರ ಸಮಿತಿಯಲ್ಲಿ ದುಡಿದ ಪತ್ರಿಕಾಸಂಪಾದಕ ವಿಲಿಯಂ ಡಿಗ್ಬಿ 1878ರಲ್ಲಿ ಎರಡು ಸಂಪುಟಗಳಲ್ಲಿ ಈ ಕ್ಷಾಮದ ಚರಿತ್ರೆಯನ್ನು ಬರೆದನು. ಚಿತ್ರಗಳಿಂದ ಉಪಕಾರವಾಗಲಿಲ್ಲವೆಂದು ಹೇಳಲಾಗದು. ಒಂದು ಅಪೇಕ್ಷೆಯಿಂದ ಅವು ಕರುಣೆಯ ನಿಮಿತ್ತ. ಇನ್ನೊಂದು ಅಪೇಕ್ಷೆಯಿಂದ ಕರುಣೆಗೆ ಪಾತ್ರನಾದವನ ಅವಮಾನ. ಎರಡೂ ನಿಜ. ಹೂಪರನ ಮುಂದಿನ ನಡತೆಯು ಎರಡನೆಯ ಮಾತನ್ನು ಬಲಪಡಿಸುತ್ತದೆ. ಬರ್ಮಾದ ಮಂಡಲೆಯಲ್ಲಿ 1886ರಲ್ಲಿ ಮರಣದಂಡನೆಗೆ ಗುರಿಯಾದವರ ಮೇಲೆ ಗುಂಡು ಹಾರುವ ಕ್ಷಣವನ್ನೇ ಚಿತ್ರದಲ್ಲಿ ಹಿಡಿಯಲು ಯತ್ನಿಸಿದನೆಂಬ ಕಾರಣಕ್ಕೆ ಅವನು ವಿಚಾರಣೆಯನ್ನು ಎದುರಿಸಬೇಕಾಯಿತು.

ಹೂಪರನನ್ನು ದೂರುವುದು ಸುಲಭ. ನಮ್ಮ ಕಡೆಗೆ ತಿರುಗಿ ನೋಡುವುದು ಕಷ್ಟ. ಆ ಬರದಲ್ಲಿ ಬಳ್ಳಾರಿ ಜಿಲ್ಲೆಯು ಮದರಾಸು ಪ್ರಾಂತ್ಯದಲ್ಲಿಯೇ ಹೆಚ್ಚಿನ ಹಾನಿಗೊಳಗಾದ ಸೀಮೆಗಳಲ್ಲಿ ಒಂದು. ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಎಲ್ಲವೂ ಆಗ ಆ ಜಿಲ್ಲೆಯವೇ. 1871ರ ಮತ್ತು 1881ರ ಜನಗಣತಿಗಳನ್ನು ಹೋಲಿಸಿದರೆ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಭಾಗ ಕುಗ್ಗಿರುವುದು ಕಾಣುತ್ತದೆ. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಗಳಲ್ಲಿ ದಿನವಿಡೀ ದುಡಿಯುವ ಗಂಡಸಿಗೆ ಗೊತ್ತುಮಾಡಿದ ಕೂಲಿಯು ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯ, ಜೊತೆಗೆ ಒಂದಷ್ಟು ಚಿಲ್ಲರೆ. ಹೆಂಗಸರಿಗೂ ದುಡಿಯುವ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಪ್ರಾಂತ್ಯದ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಇದನ್ನು ಪ್ರತಿಭಟಿಸಿದರು. ಇದೇ ಅವಧಿಯಲ್ಲಿ ದೇಶದಿಂದ ಧಾನ್ಯವು ಹಡಗುಗಳಲ್ಲಿ ಹೊರಗೆ ಹೋಗುತ್ತಲೇ ಇತ್ತು.

ಧಾನ್ಯ ತಾನಾಗಿ ಹಡಗು ಹತ್ತುವುದಿಲ್ಲ. ಅದನ್ನು ಕೊಂಡು, ಕೂಡಿಟ್ಟು, ಮಾರುವ ವ್ಯಾಪಾರಿ ಇರಲೇಬೇಕು. ನಮ್ಮ ಮನೆತನವೂ ಜೋಳ, ನವಣೆ, ಹತ್ತಿಯ ವ್ಯಾಪಾರವನ್ನೇ ನಂಬಿ ಬಂದದ್ದು. ಊರಿನ ಹಗೇವುಗಳ ಬಾಯಿ ಆ ಎರಡು ವರ್ಷ ತೆರೆದಿದ್ದವೋ ಮುಚ್ಚಿದ್ದವೋ ಎಂಬುದನ್ನು ಹೇಳಬಲ್ಲ ಕಿರ್ದಿ ಪುಸ್ತಕ ನಮ್ಮ ಮನೆಯಲ್ಲಿ ಉಳಿದಿಲ್ಲ. ಉಳಿದಿದ್ದರೂ ಅದನ್ನು ತೆರೆಯುವಾಗ ನನ್ನ ಕೈ ನಡುಗದೆ ಇರುತ್ತಿರಲಿಲ್ಲ. ಆ ಮಗು ನಮ್ಮ ಸೀಮೆಯದೆಂದು ನಾನು ಹೇಳಲಾರೆ; ನಮಗೆ ಸಂಬಂಧಿಸಿದ್ದಲ್ಲವೆಂದು ಪುಟ ಮಗುಚಲೂ ಆರೆ. ವ್ಯಾಪಾರಿಯ ಕಣ್ಣಿನಿಂದ ಆ ಚಿತ್ರವನ್ನು ನೋಡಿದಾಗ ಅದು ಪರಕೀಯರ ಕ್ರೌರ್ಯದ ದಾಖಲೆ ಮಾತ್ರವಾಗಿ ಉಳಿಯುವುದಿಲ್ಲ.

“ಅದು ಬರಿಯ ಕಾಗದ, ನೂರಾರು ವರ್ಷಗಳ ಹಿಂದಿನದು, ಅದರ ಮುಂದೆ ಪಾಪಪುಣ್ಯದ ಮಾತೇಕೆ?” ಎಂದು ಒಬ್ಬ ಧರ್ಮಬಂಧುಗಳು ನನ್ನನ್ನು ಕೇಳಿದರು. ಇದಕ್ಕೆ ಉತ್ತರ ಕನ್ನಡದ ಜೈನ ಕಾವ್ಯದಲ್ಲಿಯೇ ಇದೆ. ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಕಥೆಯನ್ನು ಅರಿಯದ ಶ್ರಾವಕರು ವಿರಳ. ಯಶೋಧರನು ಕೊಂದದ್ದು ಜೀವವಿರುವ ಕೋಳಿಯನ್ನಲ್ಲ, ಹಿಟ್ಟಿನಿಂದ ಮಾಡಿದ ಕೋಳಿಯನ್ನು. ಆದರೂ ತಾಯಿಮಗ ಇಬ್ಬರೂ ಭವಭವಗಳಲ್ಲಿ ತೊಳಲಿದರು. ಹಿಟ್ಟಿನ ಕೋಳಿಯು ಒಂದು ಸ್ಥಾಪನೆ. ಆಕೃತಿಯಲ್ಲಿ ಜೀವವಿಲ್ಲದಿದ್ದರೂ, ಆಕೃತಿಯನ್ನು ಕುರಿತು ನಮ್ಮಲ್ಲಿ ಹುಟ್ಟಿದ ಭಾವದಲ್ಲಿ ಹಿಂಸೆಯಿತ್ತು. ಬಂಧವು ಭಾವದಿಂದ. ಹಿಟ್ಟಿನ ಕೋಳಿಗೆ ಸಲ್ಲುವ ನ್ಯಾಯವು ಕಾಗದದ ಮಗುವಿಗೂ ಸಲ್ಲುತ್ತದೆ. ಜಿನಬಿಂಬದ ಮುಂದೆ ನಿಂತಾಗ ‘ಇದು ಬರಿಯ ಕಲ್ಲು’ ಎಂದು ನಾವು ಹೇಳುವುದಿಲ್ಲವಷ್ಟೆ. ಸ್ಥಾಪನೆಯ ಮಹತ್ತ್ವವನ್ನು ಬಸದಿಯಲ್ಲಿ ಒಪ್ಪಿ, ಬಸದಿಯ ಹೊರಗೆ ಅಲ್ಲಗಳೆಯುವುದು ಸರಿಯಾಗದು.

ಇನ್ನೊಂದು ವಿಚಾರ. ಕೊಡದಿರುವುದನ್ನು ತೆಗೆದುಕೊಳ್ಳುವುದೇ, ಅದತ್ತಾದಾನವೇ, ಕಳವು ಎಂಬುದು ನಮ್ಮ ಆಚಾರ್ಯರು ಕೊಟ್ಟ ಲಕ್ಷಣ. ಬೀಗ ಮುರಿಯಬೇಕೆಂದಿಲ್ಲ, ಕೊಟ್ಟಿರದಿದ್ದರೆ ಸಾಕು. ಆ ಮಗು ತನ್ನ ಮುಖವನ್ನು ಯಾರಿಗೂ ಕೊಡಲಿಲ್ಲ. ಕೊಡುವ ಅಥವಾ ನಿರಾಕರಿಸುವ ಸ್ಥಿತಿಯಲ್ಲಿ ಅದು ಇರಲಿಲ್ಲ. ನಮ್ಮ ಮನೆಯ ಚಿತ್ರದಲ್ಲಿ ಮಗುವಿನ ಪರವಾಗಿ ಕೊಡಲು ತಂದೆತಾಯಿಗಳಿದ್ದರು. ಚಿತ್ರವು ಮರಳಿ ಆ ಮನೆಗೇ ಬಂದಿತು. ಕ್ಷಾಮದ ಚಿತ್ರವು ಮಗುವಿನ ಬಳಿಗೆ ಮರಳಲಿಲ್ಲ. ಒಂದು ಭಾವಚಿತ್ರದ ಯೋಗ್ಯತೆಯನ್ನು ಅಳೆಯಲು ನನಗೆ ತೋರುವ ಮೊದಲ ಮಾನ ಇದು: ಚಿತ್ರ ಯಾರಿಂದ ಬಂದಿತು, ಯಾರ ಬಳಿಗೆ ಹೋಯಿತು?

ಹಾಗೆಂದು ಮಕ್ಕಳ ಚಿತ್ರವನ್ನೇ ತೆಗೆಯಬಾರದೆಂದು ನನ್ನ ವಾದವಲ್ಲ. ನಮ್ಮ ನಾಡಿನ ಟಿ. ಎಸ್. ಸತ್ಯನ್ (1923-2009) ಅವರ ಮಕ್ಕಳ ಚಿತ್ರಗಳನ್ನು ನೋಡಿರಿ. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಯುನಿಸೆಫ್ ಸಂಸ್ಥೆಯು ಅವುಗಳ ಪ್ರದರ್ಶನವನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಏರ್ಪಡಿಸಿತ್ತು. ಸತ್ಯನ್ನರ ಮಕ್ಕಳಲ್ಲಿಯೂ ಬಡವರಿದ್ದಾರೆ. ಆದರೆ ಅವರನ್ನು ಬಡತನದ ಮಾದರಿಯಾಗಿ ಸಾಲುಗಟ್ಟಿ ಕೂಡಿಸಿಲ್ಲ. ತಮ್ಮ ಕೆಲಸದಲ್ಲಿ, ತಮ್ಮ ಆಟದಲ್ಲಿ, ತಮ್ಮ ಕುತೂಹಲದಲ್ಲಿ ಮುಳುಗಿರುವ ಮಕ್ಕಳವರು. ಹೆಸರು ತಿಳಿಯದಿದ್ದರೂ ಅಲ್ಲಿ ಮಗು ಮಗುವಾಗಿಯೇ ಉಳಿಯುತ್ತದೆ, ಭಾವನಿಕ್ಷೇಪವು ಕೆಡುವುದಿಲ್ಲ. ಚಿತ್ರ ತೆಗೆದವರು ತಾವು ದೊಡ್ಡವರಾಗದೆ ಮಗುವಿನ ಎತ್ತರಕ್ಕೆ ಬಾಗಿದ್ದಾರೆಂಬುದು ಆ ಚಿತ್ರಗಳನ್ನು ನೋಡಿದೊಡನೆ ಮನಸ್ಸಿಗೆ ಬರುತ್ತದೆ.

ಈಗ ನನ್ನ ಲೆಕ್ಕವನ್ನು ಒಪ್ಪಿಸಬೇಕು. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ಬಡ ಮಕ್ಕಳಿಗೆ ನೋಟುಪುಸ್ತಕಗಳನ್ನು ಹಂಚಿದೆ. ಒಬ್ಬ ಹುಡುಗನಿಗೆ ಪುಸ್ತಕಗಳನ್ನು ಕೊಟ್ಟಾಯಿತು. ಅವನು ಎದೆಗೆ ಅವುಚಿಕೊಂಡು ಹೊರಡುವುದರಲ್ಲಿದ್ದನು. ಚಿತ್ರ ಸರಿಯಾಗಿ ಬರಲಿಲ್ಲವೆಂದೂ ಇನ್ನೊಮ್ಮೆ ಕೊಡಬೇಕೆಂದೂ ಛಾಯಾಗ್ರಾಹಕನು ಹೇಳಿದನು. ನಾನು ಹುಡುಗನ ಕೈಯಿಂದ ಪುಸ್ತಕಗಳನ್ನು ಹಿಂದಕ್ಕೆ ತೆಗೆದುಕೊಂಡು, ನಗುತ್ತ, ಮತ್ತೊಮ್ಮೆ ಕೊಟ್ಟೆ. ಆ ಚಿತ್ರ ಪತ್ರಿಕೆಯಲ್ಲಿ ಬಂದಿತು. ಕತ್ತರಿಸಿ ಕಡತದಲ್ಲಿ ಇಟ್ಟಿದ್ದೆ. ಮೊಮ್ಮಗನು ಹೋದ ಮೇಲೆ ಅದನ್ನು ಹೊರತೆಗೆದು ನೋಡಿದೆ. ನನ್ನ ಹೆಸರು ಕೆಳಗೆ ಇದೆ, ಹುಡುಗನ ಹೆಸರಿಲ್ಲ. ನಾನು ಕ್ಯಾಮೆರಾವನ್ನು ನೋಡುತ್ತಿದ್ದೇನೆ. ಹುಡುಗನು ನನ್ನನ್ನೂ ನೋಡುತ್ತಿಲ್ಲ, ಕ್ಯಾಮೆರಾವನ್ನೂ ನೋಡುತ್ತಿಲ್ಲ. ಪುಸ್ತಕಗಳನ್ನೇ ನೋಡುತ್ತಿದ್ದಾನೆ, ಎಲ್ಲಿ ಮತ್ತೆ ಕಸಿದುಕೊಳ್ಳುವರೋ ಎಂಬ ದೃಷ್ಟಿಯಿಂದ. ಹೂಪರನ ಚಿತ್ರಕ್ಕೂ ನನ್ನ ಚಿತ್ರಕ್ಕೂ ಪ್ರಮಾಣದಲ್ಲಿ ಬಹಳ ಅಂತರವಿದೆ, ಜಾತಿಯಲ್ಲಿ ಅಂತರವಿಲ್ಲ.

ನಮ್ಮ ಶಾಸ್ತ್ರಗಳು ದಾನವನ್ನು ಸ್ವಪರರ ಅನುಗ್ರಹಕ್ಕಾಗಿ ತನ್ನದನ್ನು ತ್ಯಜಿಸುವುದೆಂದು ಹೇಳುತ್ತವೆ. ಮಗುವಿನ ಮುಖವನ್ನು ಪಡೆದುಕೊಂಡು ಪುಸ್ತಕ ಕೊಟ್ಟರೆ ಅದು ತ್ಯಾಗವಾಗದು, ವಿನಿಮಯವಾಗುತ್ತದೆ. ಕೊಡುಕೊಳ್ಳುವಿಕೆಯನ್ನು ಬಲ್ಲ ವ್ಯಾಪಾರಿಯಾಗಿ ಹೇಳುತ್ತೇನೆ, ಆ ವಿನಿಮಯದಲ್ಲಿ ಲಾಭ ನಮ್ಮದೇ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಮೊದಲ ಮೂರನ್ನು ಕೊಡುವ ಭರದಲ್ಲಿ ಅಭಯವನ್ನು ಕಸಿದುಕೊಂಡರೆ ಉಳಿಯುವುದೇನು? ರಕ್ಷಣೆ ಬೇಕಾದ ಮಕ್ಕಳ ಗುರುತನ್ನೂ ಚಿತ್ರವನ್ನೂ ಮಾಧ್ಯಮಗಳಲ್ಲಿ ಪ್ರಕಟಿಸಬಾರದೆಂದು 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಂ ಹೇಳುತ್ತದೆ. ಕಾಯ್ದೆಯು ನಿಲ್ಲುವ ಸ್ಥಳದಿಂದ ಅಣುವ್ರತಿಯ ನಡಿಗೆ ಆರಂಭವಾಗಬೇಕು. ಇಂದು ಪ್ರತಿಯೊಬ್ಬರ ಕಿಸೆಯಲ್ಲಿಯೂ ಕ್ಯಾಮೆರಾ ಇದೆ. ಒಂದು ಚಿತ್ರ ಊರು ದಾಟಿ ದೇಶ ತಿರುಗಲು ಒಂದು ಗಳಿಗೆ ಸಾಕು. ಹೂಪರನಿಗೆ ಗಾಜಿನ ಫಲಕ, ರಾಸಾಯನಿಕ, ಹೊರುವ ಆಳುಗಳು ಬೇಕಾಗಿದ್ದವು. ನಮಗೆ ಅಷ್ಟು ಶ್ರಮವೂ ಇಲ್ಲ. ಆದ್ದರಿಂದ ಸಂಯಮವು ಹೆಚ್ಚು ಬೇಕು.

ನಮ್ಮ ಸಂಘಸಂಸ್ಥೆಗಳಲ್ಲಿ ನನ್ನ ವಿನಂತಿ ಇಷ್ಟೇ. ದಾನ ಪಡೆಯುವ ಮಕ್ಕಳ ಚಿತ್ರವನ್ನು ತೆಗೆಯುವುದು ಬೇಡ. ಲೆಕ್ಕಪತ್ರ ಬೇಕಾದರೆ ರಸೀದಿ ಇದೆ, ಜಮಾಖರ್ಚಿನ ಪುಸ್ತಕವಿದೆ. ಅವು ಚಿತ್ರಕ್ಕಿಂತ ಸತ್ಯವನ್ನು ಹೇಳುತ್ತವೆ. ಮಕ್ಕಳ ಚಿತ್ರ ತೆಗೆಯುವುದಾದರೆ ಅವರು ಆಡುವಾಗ, ಓದುವಾಗ, ಅವರ ಮನೆಯವರ ಒಪ್ಪಿಗೆಯಿಂದ ತೆಗೆಯೋಣ. ಒಂದು ಪ್ರತಿಯನ್ನು ಹಿಂದೆ ಹೆಸರು ಬರೆದು ಆ ಮನೆಗೆ ಮುಟ್ಟಿಸೋಣ. ನಮ್ಮ ಅಜ್ಜನವರು ಚೌಕಟ್ಟಿನ ಹಿಂದೆ ಮಸಿಯಲ್ಲಿ ಬರೆದದ್ದು ಸಣ್ಣ ಕೆಲಸವಲ್ಲವೆಂದು ನನಗೀಗ ತಿಳಿದಿದೆ.

ನನ್ನ ಕಡತದಲ್ಲಿದ್ದ ಪತ್ರಿಕೆಯ ತುಣುಕಿನಿಂದ ನನ್ನ ಹೆಸರಿನ ಸಾಲನ್ನು ಕತ್ತರಿಸಿ ತೆಗೆದಿದ್ದೇನೆ. ಆ ಶಾಲೆಗೆ ಹೋಗಿ ಹುಡುಗನ ಹೆಸರನ್ನು ವಿಚಾರಿಸಿ ಬಂದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮತ್ತೆ ಅದೇ ದೋಷ. ಮೊಮ್ಮಗನಿಗೆ ಮಾತ್ರ ಹೇಳಿದ್ದೇನೆ. ಧಾತು ಸಂವತ್ಸರದ ಮಗುವಿನ ಹೆಸರನ್ನು ಅವನಿಗೆ ಹೇಳುವ ಶಕ್ತಿ ನನಗಿಲ್ಲ.